ಬೇಡ ಅನ್ನುವ ಹಕ್ಕು ಅವರಿಗೂ ಇರಲಿ: ನಮ್ಮ ಸಭೆಗೊಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಹಭಾಗಿತ್ವ ಸಮಿತಿಯವರಿಗೆ, ಪ್ರತಿ ಭಾನುವಾರ ನನ್ನ ಅಕ್ಕಪಕ್ಕ ಕೂರುವ ಎಲ್ಲರಿಗೂ,

ಕರ್ತನ ನಾಮದಲ್ಲಿ ವಂದನೆಗಳು.

ಸಮುದ್ರದಾಚೆಯ ನಮ್ಮ ಜೊತೆ ಸಭೆಯ, ಅಂದರೆ ನಮ್ಮೊಂದಿಗೆ ಸಹಭಾಗಿತ್ವದಲ್ಲಿರುವ ಕ್ರೈಸ್ತ ಸಭೆಯ, ಒಪ್ಪಂದ ಮುಂದಿನ ತಿಂಗಳು ಮತ್ತೆ ಐದು ವರ್ಷಕ್ಕೆ ಮುಂದುವರಿಯಲಿದೆ. ಕರಡು ಎಲ್ಲರ ಕೈಗೂ ಬಂದಿದೆ. ನಾಲ್ಕು ಪುಟ. ನಾನು ಎರಡು ಸಲ ಓದಿದೆ. ನಾವು ಏನೇನು ಕಳಿಸುತ್ತೇವೆ, ಯಾವಾಗ ಕಳಿಸುತ್ತೇವೆ, ಅವರು ಯಾವ ತಾರೀಖಿನೊಳಗೆ ಲೆಕ್ಕ ಕೊಡಬೇಕು, ಎಷ್ಟು ಫೋಟೊ ಕಳಿಸಬೇಕು, ಎಲ್ಲ ಬರೆದಿದೆ. ಅವರಿಂದ ನಮಗೆ ಬರುವುದೇನು ಅನ್ನುವ ಕಡೆ ಒಂದೇ ಸಾಲು: 'ಪ್ರಾರ್ಥನೆಯ ಬೆಂಬಲ'. ನಾವು ಕಳಿಸಿದ್ದರಲ್ಲಿ ಯಾವುದಾದರೂ ಬೇಡ ಅನ್ನಿಸಿದರೆ ಅವರು ಯಾರಿಗೆ, ಹೇಗೆ ಹೇಳಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ನಾನು ಬರೆಯುತ್ತಿರುವುದು ಆ ಇಲ್ಲದ ಸಾಲಿನ ಬಗ್ಗೆ.

ಇದನ್ನು ಕಮಿಟಿಯಲ್ಲೇ ಹೇಳಬಹುದಿತ್ತಲ್ಲ ಅಂತ ಕೇಳಬಹುದು. ಹೇಳಿದೆ, ಎರಡು ಸಲ. ಎರಡು ಸಲವೂ 'ಇತರೆ ವಿಷಯಗಳು' ಅನ್ನುವುದರ ಕೆಳಗೆ ಹೋಗಿ ಕೂತಿತು. ಆ ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಅವಸರ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಆ ಸಭೆಯ ಹೆಸರನ್ನಾಗಲಿ ದೇಶವನ್ನಾಗಲಿ ಇಲ್ಲಿ ಹಾಕಿಲ್ಲ. ಅವರನ್ನು ಕೇಳದೆ ಅವರ ಹೆಸರು, ಅವರ ಮುಖ ಬಳಸುವ ಕೆಲಸವನ್ನು ನಾವು ಈಗಾಗಲೇ ಬೇಕಾದಷ್ಟು ಮಾಡಿದ್ದೇವೆ. ನಮ್ಮ ನೋಟಿಸ್ ಬೋರ್ಡ್ ನೋಡಿದರೆ ಸಾಕು.

ನಾಲ್ಕು ವರ್ಷದ ಹಿಂದೆ ಹೋದ ತಂಡದಲ್ಲಿ ನಾನೂ ಇದ್ದೆ. ಮೂರನೇ ದಿನ ಜೋರು ಮಳೆ ಬಂತು. ಹೊರಗಿದ್ದ ಕುರ್ಚಿಗಳನ್ನು ಒಳಗಿಡಲು ಕೈಜೋಡಿಸುತ್ತಾ ದೇವಾಲಯದ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಗೋಡೆಗೆ ಒತ್ತಿ ಜೋಡಿಸಿದ್ದ ರಟ್ಟಿನ ಪೆಟ್ಟಿಗೆಗಳು. ಮೇಲಿದ್ದ ಪೆಟ್ಟಿಗೆಯ ಅಕ್ಷರ ಎಲ್ಲೋ ನೋಡಿದ ಹಾಗಿತ್ತು. ನೋಡಿದರೆ ನನ್ನದೇ. ದಪ್ಪ ಮಾರ್ಕರ್‌ನಲ್ಲಿ ನಾನೇ ಬರೆದಿದ್ದೆ: 'ಮಕ್ಕಳ ಬಟ್ಟೆ, 4ರಿಂದ 6 ವರ್ಷ'. ಅಂಟಿಸಿದ್ದ ಟೇಪ್ ಕೂಡ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಎರಡು ಕೀಬೋರ್ಡ್. ಅದರ ಪ್ಲಗ್ಗಿಗೂ ಅಲ್ಲಿನ ಸಾಕೆಟ್ಟಿಗೂ ಹೊಂದುವುದೇ ಇಲ್ಲ. ಒಂದು ಮೂಲೆಯಲ್ಲಿ ನಮ್ಮ ಸಂಡೇ ಸ್ಕೂಲಿನ ಹಳೆಯ ಪುಸ್ತಕಗಳ ಕಟ್ಟು. ಅವು ನಮ್ಮ ಭಾಷೆಯಲ್ಲಿದ್ದವು. ಅಲ್ಲಿ ಯಾರು ಓದುತ್ತಾರೆ ಅಂತ ಕಳಿಸಿದೆವೋ ಗೊತ್ತಿಲ್ಲ. ಬಹುಶಃ ಇಲ್ಲಿ ಕಪಾಟು ಖಾಲಿ ಆಗಲಿ ಅಂತಲೇ ಇರಬೇಕು.

ಆ ಸಭೆಯ ಖಜಾಂಚಿ ಒಬ್ಬ ತಾಯಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ನಾನು ಪೆಟ್ಟಿಗೆಗಳ ಮುಂದೆ ನಿಂತಿದ್ದನ್ನು ನೋಡಿ ಅವರಿಗೆ ಮುಜುಗರ ಆಯಿತು. ನನಗಿಂತ ಜಾಸ್ತಿ ಅವರಿಗೇ! 'ಹಂಚುತ್ತೇವೆ, ಹಂಚುತ್ತೇವೆ' ಅಂದರು. ಆಮೇಲೆ ಮಳೆ ನಿಲ್ಲುವ ಲಕ್ಷಣ ಕಾಣದೆ ಇಬ್ಬರೂ ಅಲ್ಲೇ ಕೂತೆವು. ಅವರು ಲೆಕ್ಕದ ಪುಸ್ತಕ ತಂದು ತೋರಿಸಿದರು. ಉದ್ದ ಗೆರೆಯ ದಪ್ಪ ಪುಸ್ತಕ, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಆ ವರ್ಷ ನಮ್ಮ ಕಂಟೇನರ್ ಬಂದರಿನಲ್ಲಿ ಹತ್ತೊಂಬತ್ತು ದಿನ ನಿಂತಿತ್ತಂತೆ. ನಾವು ಕಳಿಸಿದ ಸಾಮಾನಿನ ಪಟ್ಟಿಯಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು. ಕಂಟೇನರ್ ನಿಂತಷ್ಟು ದಿನವೂ ಬಾಡಿಗೆ, ಅದರ ಮೇಲೆ ಸುಂಕ, ಆಮೇಲೆ ಲಾರಿ ಬಾಡಿಗೆ. ಇದನ್ನೆಲ್ಲ ಅವರು ದೇವಾಲಯದ ಮಾಡಿಗೆ (ಚಾವಣಿಗೆ) ಅಂತ ಕೂಡಿಟ್ಟ ಕಾಣಿಕೆಯಿಂದ ಕಟ್ಟಿದ್ದರು. ನಮ್ಮ ದಾನ ಬಿಡಿಸಿಕೊಳ್ಳಲು ಅವರ ಮಾಡಿನ ದುಡ್ಡು ಹೋಯಿತು. ನಾವು ಇಲ್ಲಿ ಅದೇ ಭಾನುವಾರ ಕಂಟೇನರ್ ಮುಟ್ಟಿತು ಅಂತ ಸ್ತೋತ್ರ ಮಾಡಿದ್ದೆವು. ನೆನಪಿದೆಯಾ?

'ಬಟ್ಟೆ ಬೇಡ ಅಂತ ಒಂದು ಮಾತು ಬರೆಯಬಹುದಿತ್ತಲ್ವಾ ಅಮ್ಮಾ?' ಅಂತ ಕೇಳಿದೆ. ಅವರು ಪುಸ್ತಕ ಮುಚ್ಚಿ ಹೇಳಿದರು: 'ಬೇಡ ಅಂತ ಬರೆದು, ಬೇಕಾದ್ದೂ ಬರದೇ ಹೋದರೆ?'

ಈ ಮಾತು ನನ್ನನ್ನು ನಾಲ್ಕು ವರ್ಷದಿಂದ ಬಿಟ್ಟಿಲ್ಲ. ಅವರಿಗೆ ಬೇಕಾದ್ದು ಇತ್ತು. ನಮ್ಮ ಸಹಾಯದಿಂದ ನರ್ಸಿಂಗ್ ಓದುತ್ತಿದ್ದ ಹುಡುಗಿಯರ ಫೀಸು ಅದು. ನಾವು ಮಾಡಿದ ಕೆಲಸದಲ್ಲೆಲ್ಲ ಒಳ್ಳೆಯದು ಅಂದರೆ ಅದೇ ಅಂತ ನನ್ನ ಅಭಿಪ್ರಾಯ. ಹೆಚ್ಚು ಫೋಟೊ ಇಲ್ಲ, ಗದ್ದಲ ಇಲ್ಲ, ಓದಿದವರು ಈಗ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಆ ಫೀಸು ನಿಲ್ಲಬಾರದು ಅಂತ ಅವರು ಪೆಟ್ಟಿಗೆಗಳನ್ನು ಸುಮ್ನೆ ಹೊತ್ತುಕೊಂಡು ಇಟ್ಟುಕೊಂಡರು. ಬೇಡ ಅನ್ನಲು ಧೈರ್ಯ ಸಾಲದವರ ಹತ್ತಿರ 'ಹೌದು' ಅನ್ನಿಸಿಕೊಂಡು, ಅದನ್ನೇ ನಾವು ವರದಿಯಲ್ಲಿ 'ಅವರ ಬೇಡಿಕೆಯಂತೆ' ಅಂತ ಬರೆದೆವು.

ನಮ್ಮೊಬ್ಬರದೇ ತಪ್ಪಲ್ಲ ಇದು. ದೊಡ್ಡ ದೊಡ್ಡವರೂ ಇಲ್ಲೇ ಎಡವಿದ್ದಾರೆ. 2004ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದ 'ಆಚೆ' ಅನ್ನುವ ಹೆಸರಿನ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ದಾನವಾಗಿ ಬಂದು ಬಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲ. ಬಹುಪಾಲು ಡಬ್ಬಿಗಳ ಮೇಲೆ ಅಲ್ಲಿನವರಿಗೆ ಓದಲು ಬಾರದ ಭಾಷೆ. ಕೊನೆಗೆ ನೂರಾರು ಟನ್ ಔಷಧಿಯನ್ನು ನಾಶ ಮಾಡುವುದೇ ಅವರಿಗೊಂದು ಕೆಲಸವಾಯಿತು, ಅದಕ್ಕೂ ಖರ್ಚು. ಇಂಥದ್ದು ಆಗಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಔಷಧಿ ದಾನಕ್ಕೆ ಸೂಚನೆಗಳನ್ನು ಹೊರಡಿಸಿತ್ತು. ಅದರ ತಿರುಳು ಇಷ್ಟೇ: ಪಡೆಯುವವರು ಹೇಳಿದ ಅಗತ್ಯಕ್ಕೆ ತಕ್ಕಂತೆ ಕೊಡಿ, ಅವರು ಒಪ್ಪದೆ ಕಳಿಸಬೇಡಿ. ನಮ್ಮ ಕಂಟೇನರಿನಲ್ಲಿ ಔಷಧಿ ಇರಲಿಲ್ಲ, ನಿಜ. ಆದರೆ ನಾವು ಕೇಳಿಯೂ ಇರಲಿಲ್ಲ.

ಇನ್ನು ಶಾಸ್ತ್ರದ ಮಾತಿಗೆ ಬರುತ್ತೇನೆ. ಸಹಭಾಗಿತ್ವ ಭಾನುವಾರ ಬಂದಾಗಲೆಲ್ಲ ನಮ್ಮಲ್ಲಿ ಓದುವುದು ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8 ಮತ್ತು 9ನೇ ಅಧ್ಯಾಯ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯ, ಗಲಾತ್ಯದ ಸಭೆಗಳಲ್ಲಿ ಅಪೊಸ್ತಲ ಪೌಲನು ಹಣ ಕೂಡಿಸಿದ ಕಥೆ. ಒಂದು ಸಭೆ ಸಮುದ್ರದಾಚೆಯ ಇನ್ನೊಂದು ಸಭೆಗೆ ಕೈ ಚಾಚಿದ್ದಕ್ಕೆ ಇದಕ್ಕಿಂತ ಹಳೆಯ ಕಥೆ ಹೆಚ್ಚೇನಿಲ್ಲ. ನಾವು ಪ್ರತಿ ಸಲ 'ಸಂತೋಷದಿಂದ ಕೊಡುವವನ' ವಚನದ ಹತ್ತಿರ ಬಂದು ನಿಲ್ಲಿಸಿಬಿಡುತ್ತೇವೆ, ಕಾಣಿಕೆ ಚೀಲ ಓಡಾಡಲು ಶುರುವಾಗುತ್ತದೆ. ಸ್ವಲ್ಪ ಹಿಂದೆ, ಮುಂದೆ ಓದಿ ನೋಡಿ.

ಕೊಟ್ಟವರಲ್ಲಿ ಮುಂದಿದ್ದ ಮಕೆದೋನ್ಯದವರು ಶ್ರೀಮಂತರಲ್ಲ, ಕಡು ಬಡವರು. ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಅವರೇ ಬೇಡಿಕೊಂಡರು. ಹಣ ಹೊತ್ತುಕೊಂಡು ಪೌಲನು ಒಬ್ಬನೇ ಹೊರಡಲಿಲ್ಲ. ನೀವೇ ಆರಿಸಿದವರ ಕೈಯಲ್ಲಿ ಕಳಿಸುತ್ತೇನೆ ಅಂದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ನೇಮಿಸಿದವರನ್ನು ಜೊತೆಗೆ ಸೇರಿಸಿಕೊಂಡ. ಇವತ್ತು ನಿಮ್ಮ ಸಮೃದ್ಧಿ ಅವರ ಕೊರತೆಗೆ, ಇನ್ನೊಂದು ದಿನ ಅವರ ಸಮೃದ್ಧಿ ನಿಮ್ಮ ಕೊರತೆಗೆ ಅಂತ ಬರೆದ. ಅದಕ್ಕೆ ಅವನಿಟ್ಟ ಹೆಸರು ಸಮಾನತ್ವ. ಔದಾರ್ಯ ಅನ್ನುವ ಮಾತಿಗೆ ನಾವು ಕೊಡುವ ತೂಕವನ್ನು ಈ ಮಾತಿಗೆ ಕೊಟ್ಟೇ ಇಲ್ಲ.

ನನ್ನನ್ನು ಅಲುಗಾಡಿಸಿದ್ದು ಮಾತ್ರ ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯ. ಹಣ ಕೂಡಿಸಿ ಆಗಿದೆ, ಹೊರಡಲು ಸಿದ್ಧ. ಆಗ ಪೌಲನು ರೋಮಿನವರಿಗೆ ಬರೆಯುತ್ತಾನೆ: ನನಗಾಗಿ ಪ್ರಾರ್ಥನೆ ಮಾಡಿ, ಈ ಸಹಾಯ ಯೆರೂಸಲೇಮಿನ ದೇವಜನರಿಗೆ ಒಪ್ಪಿಗೆ ಆಗಲಿ ಅಂತ. ಅವರು ತೆಗೆದುಕೊಳ್ಳದೇ ಹೋದರೆ ಅನ್ನುವ ಹೆದರಿಕೆ ಅವನಿಗಿತ್ತು. ಎಷ್ಟೋ ವರ್ಷದ ಶ್ರಮ, ಅಷ್ಟೂರು ಸುತ್ತಿ ಕೂಡಿಸಿದ ಹಣ. ಆದರೂ ಅವರು ಬೇಡ ಅಂದುಬಿಡಬಹುದು ಅನ್ನುವುದನ್ನು ಒಪ್ಪಿಕೊಂಡೇ ಹೊರಟ. ನಮ್ಮ ಕಮಿಟಿಯಲ್ಲಿ ಇಷ್ಟು ವರ್ಷದಲ್ಲಿ ಯಾರಾದರೂ 'ನಮ್ಮ ಕಾಣಿಕೆ ಅವರಿಗೆ ಒಪ್ಪಿಗೆ ಆಗಲಿ' ಅಂತ ಪ್ರಾರ್ಥನೆ ಮಾಡಿದ್ದು ನನಗೆ ನೆನಪಿಲ್ಲ. ಒಪ್ಪಿಗೆ ಇದ್ದೇ ಇರುತ್ತದೆ ಅಂತ ಅಂದುಕೊಂಡಿದ್ದೇವೆ.

ಕೊಡುವ ಸಭೆಗಳಿಗೆ ಈ ಮಾತನ್ನು ಆಚೆ ಕಡೆಯವರು ಎದುರಿಗೇ ಹೇಳಿದ್ದೂ ಉಂಟು. 1910ರಲ್ಲಿ ಎಡಿನ್‌ಬರೊದಲ್ಲಿ ಜಗತ್ತಿನ ಮಿಷನರಿ ಸಮ್ಮೇಳನ ಸೇರಿತ್ತು. ಸುಮಾರು 1,200 ಪ್ರತಿನಿಧಿಗಳು, ಅದರಲ್ಲಿ ಏಷ್ಯಾದವರು ಇಪ್ಪತ್ತರ ಆಸುಪಾಸು. ಅವರಲ್ಲೊಬ್ಬರು ವಿ. ಎಸ್. ಅಜರಯ್ಯ, ದಕ್ಷಿಣ ಭಾರತದ ಯುವ ಪಾದ್ರಿ. ಮಿಷನರಿಗಳ ತ್ಯಾಗವನ್ನು ಹೊಗಳಿದರು. ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿರಿ, ದೇಹವನ್ನು ಸುಡುವುದಕ್ಕೂ ಒಪ್ಪಿಸಿದಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ ಅಂದರು. ಕೊನೆಗೆ, 'ನಮಗೆ ಸ್ನೇಹಿತರನ್ನು ಕೊಡಿ'. ಎದುರು ಕೂತಿದ್ದ ಕೆಲವರಿಗೆ ಸಿಟ್ಟು ಬಂತು. ಇಷ್ಟೆಲ್ಲ ಕೊಟ್ಟ ಮೇಲೂ ಇದೇನು ಅಂತ. ಎರಡೇ ವರ್ಷದಲ್ಲಿ ಅಜರಯ್ಯ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದರು.

ಅದಾದ ಅರವತ್ತು ವರ್ಷದ ಮೇಲೆ, 1971ರಲ್ಲಿ, ಪೂರ್ವ ಆಫ್ರಿಕಾದ ಪ್ರೆಸ್ಬಿಟೇರಿಯನ್ ಸಭೆಯ ಜಾನ್ ಗಾಟು ಅಮೆರಿಕದ ಮಿಲ್ವಾಕಿಯಲ್ಲಿ ಇನ್ನೂ ಖಡಕ್ಕಾಗಿ ಹೇಳಿದರು: ಸ್ವಲ್ಪ ಕಾಲ ನಿಮ್ಮ ಜನರನ್ನೂ ಹಣವನ್ನೂ ಕಳಿಸುವುದನ್ನು ನಿಲ್ಲಿಸಿ, ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೋ ನೋಡೋಣ. 1974ರಲ್ಲಿ ಜಾಂಬಿಯಾದ ಲುಸಾಕಾದಲ್ಲಿ ಸೇರಿದ ಇಡೀ ಆಫ್ರಿಕಾದ ಸಭೆಗಳ ಸಮ್ಮೇಳನ ಆ ಮಾತನ್ನು ಎತ್ತಿಕೊಂಡಿತು. ಹಣ ನಿಲ್ಲಲಿಲ್ಲ ಅನ್ನುವುದು ಬೇರೆ ವಿಷಯ. ನಾವೂ ನಿಲ್ಲಿಸಬೇಕು ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನುವ ಮಾತು ಅವರ ಬಾಯಿಂದ ಬಂದರೆ ಅದು ಕೃತಘ್ನತೆ ಅಲ್ಲ, ಇಷ್ಟೇ ನಾನು ಹೇಳುವುದು.

ಈಗ ಕರಡಿನಲ್ಲಿರುವ ಹೊಸ ಯೋಜನೆಯ ವಿಷಯ. ಅಲ್ಲಿ ನಾವು ಒಂದು ಮಕ್ಕಳ ನಿಲಯ ಕಟ್ಟಿಸಬೇಕು, ಇಪ್ಪತ್ತು ಮಕ್ಕಳಿಗೆ ಜಾಗ, ಗೋಡೆಯ ಮೇಲೆ ನಮ್ಮ ಸಭೆಯ ಹೆಸರಿನ ಕಲ್ಲು. ಈ ಯೋಚನೆ ಹುಟ್ಟಿದ್ದು ಇಲ್ಲಿ, ನಮ್ಮ ಸಭಾಂಗಣದಲ್ಲಿ. ಹುಟ್ಟಿದಾಗ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಸ್ವಲ್ಪ ಓದಿದೆ. ಜಗತ್ತಿನಲ್ಲಿ ಇಂಥ ನಿಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ, ಯಾರಾದರೊಬ್ಬರು ಬದುಕಿದ್ದಾರೆ. ಮಕ್ಕಳು ಅಲ್ಲಿಗೆ ಬರುವುದು ಬಡತನದಿಂದ, ಶಾಲೆ ಹತ್ತಿರ ಇಲ್ಲದ್ದರಿಂದ. ನಿಲಯ ಕಟ್ಟಿದರೆ ಮಕ್ಕಳು ಬಂದೇ ಬರುತ್ತಾರೆ, ಮನೆ ಬಿಟ್ಟು. 2009ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ: ಬಡತನ ಒಂದೇ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡಬಾರದು, ಆ ಕುಟುಂಬಕ್ಕೆ ಸಹಾಯ ಬೇಕು ಅನ್ನುವುದಕ್ಕೆ ಅದು ಗುರುತು ಅಂತ ತಿಳಿಯಬೇಕು. 2018ರ ಆಧುನಿಕ ಗುಲಾಮಗಿರಿ ಕಾನೂನು ಮಾಡುವ ಹೊತ್ತಿಗೆ ಆಸ್ಟ್ರೇಲಿಯಾ, ದಾನಿಗಳ ಹಣಕ್ಕಾಗಿ ಮಕ್ಕಳನ್ನು ಅನಾಥಾಶ್ರಮಕ್ಕೆ ಸೇರಿಸುವ ದಂಧೆಯ ಬಗ್ಗೆಯೂ ವಿಚಾರಣೆ ನಡೆಸಿತು. ನಮ್ಮ ಜೊತೆ ಸಭೆಯವರು ಅಂಥವರಲ್ಲ, ನನಗೆ ಗೊತ್ತು. ಆದರೆ ಹೆಸರಿನ ಕಲ್ಲು ಬೇಕಾಗಿರುವುದು ಯಾರಿಗೆ? ಅದೇ ಹಣದಲ್ಲಿ ಆ ಇಪ್ಪತ್ತು ಮಕ್ಕಳ ಮನೆಗಳಿಗೆ ಎಷ್ಟು ವರ್ಷ ಸಹಾಯ ಮಾಡಬಹುದು ಅಂತ ಲೆಕ್ಕ ಹಾಕಿದ್ದೇವಾ? ಆ ಖಜಾಂಚಿ ಅಮ್ಮನನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಹಾಕಿ ಕೊಡುತ್ತಾರೆ.

ಯುವಜನರ ಪ್ರವಾಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಗಲಿ, ಒಳ್ಳೆಯದೇ. ಆದರೆ ಗೋಡೆಗೆ ಬಣ್ಣ ಹೊಡೆಯಲು ಹೋಗುವುದು ಬೇಡ. ನಾವು ಹೊಡೆದ ಗೋಡೆಗೆ ಹಿಂದಿನ ವರ್ಷವೂ ಇನ್ನೊಂದು ತಂಡ ಹೊಡೆದಿತ್ತು ಅಂತ ನನಗೆ ಗೊತ್ತಾಗಿದ್ದು ಬಣ್ಣ ಕೆರೆಯುವಾಗ. ಆ ಊರಲ್ಲಿ ಬಣ್ಣ ಹೊಡೆದೇ ಹೊಟ್ಟೆ ಹೊರೆಯುವವರಿದ್ದಾರೆ. ನಮ್ಮವರು ಹೋಗಿ ಅವರ ಮನೆಗಳಲ್ಲಿ ಉಳಿಯಲಿ, ಗಾಯನ ತಂಡದ ಜೊತೆ ಹಾಡಲಿ, ಅವರ ಸಭಾ ಕಮಿಟಿ ಹೇಗೆ ನಡೆಯುತ್ತದೆ ನೋಡಲಿ. ಅವರ ಹುಡುಗರೂ ಇಲ್ಲಿಗೆ ಬರಲಿ. ವೀಸಾ ಸಿಗುವುದು ಕಷ್ಟ, ಖರ್ಚು ಜಾಸ್ತಿ ಅನ್ನುತ್ತೀರಿ. ನಾವು ಹನ್ನೊಂದು ಜನ ಹೋಗುವಾಗ ಖರ್ಚಿನ ಮಾತು ಇಷ್ಟು ಬಂದಿರಲಿಲ್ಲ.

ಬೇರೆ ಕಡೆ ಇದು ನಡೆದಿದೆ. ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್ ಸುತ್ತಲಿನ ಲೂಥರನ್ ಸಭೆಗಳಿಗೂ ಟಾಂಜಾನಿಯಾದ ಇರಿಂಗ ಡಯಾಸಿಸ್‌ಗೂ (ಒಬ್ಬ ಬಿಷಪ್ಪರ ಕೆಳಗಿನ ಸಭೆಗಳ ಪ್ರಾಂತ್ಯ) 1980ರ ದಶಕದಿಂದ ಸಹಭಾಗಿತ್ವ ಇದೆ. ಅಮೆರಿಕದ ಒಂದೊಂದು ಸಭೆಗೆ ಟಾಂಜಾನಿಯಾದ ಒಂದೊಂದು ಸಭೆ ಜೊತೆ. ಅದಕ್ಕೆ ಇಟ್ಟ ಹೆಸರು ಸ್ವಾಹಿಲಿಯದು, 'ಬೇಗ ಕ್ವ ಬೇಗ', ಅಂದರೆ ಹೆಗಲಿಗೆ ಹೆಗಲು. ಹೆಸರು ಯಾರ ಭಾಷೆಯಲ್ಲಿದೆ ಗಮನಿಸಿ. ನಮ್ಮ ಕರಡು ಅವರ ಭಾಷೆಗೆ ಇನ್ನೂ ಅನುವಾದವೇ ಆಗಿಲ್ಲ. ಸಹಿ ಮಾತ್ರ ಮುಂದಿನ ತಿಂಗಳು ಬೇಕು.

ನಾನು ಕೇಳುವುದು ಬಹಳ ಏನಿಲ್ಲ. ಸಹಿ ಮೂರು ತಿಂಗಳು ಮುಂದಕ್ಕೆ ಹೋಗಲಿ. ಕರಡನ್ನು ಅವರ ಭಾಷೆಯಲ್ಲಿ ಅವರ ಇಡೀ ಸಭೆಯ ಮುಂದೆ ಓದಲಿ, ಪಾಸ್ಟರ್ ಒಬ್ಬರೇ ನೋಡಿದರೆ ಸಾಲದು. ವರ್ಷಕ್ಕೆ ಇಷ್ಟು ಅಂತ ಮೊತ್ತ ಮೊದಲೇ ಹೇಳಿಬಿಡೋಣ. ಅದನ್ನು ಯಾವುದಕ್ಕೆ ಹಾಕಬೇಕು ಅಂತ ಅವರು ತೀರ್ಮಾನ ಮಾಡಲಿ. ನಾವು ಹೇಳಿದ ಯಾವ ಕೆಲಸವನ್ನಾದರೂ ಅವರು ಬೇಡ ಅಂದರೆ ಆ ವರ್ಷದ ಹಣದಲ್ಲಿ ಒಂದು ಕಾಸೂ ಕಡಿಮೆ ಆಗುವುದಿಲ್ಲ ಅನ್ನುವ ಸಾಲು ಒಪ್ಪಂದದಲ್ಲೇ ಇರಲಿ. ಬಾಯಿಮಾತು ಸಾಲದು. ಆ ಅಮ್ಮ ಲೆಕ್ಕದವರು, ಬರೆದಿದ್ದನ್ನೇ ನಂಬುತ್ತಾರೆ. ಅವರ ಲೆಕ್ಕ ನಮಗೆ ಬರುವ ಹಾಗೆ ನಮ್ಮ ಸಹಭಾಗಿತ್ವ ನಿಧಿಯ ಲೆಕ್ಕವೂ ಅವರಿಗೆ ಹೋಗಲಿ. ಎಷ್ಟು ಕೂಡಿತು, ಅದರಲ್ಲಿ ನಮ್ಮ ವಿಮಾನಕ್ಕೆ ಎಷ್ಟು ಹೋಯಿತು, ಅಲ್ಲಿಗೆ ಎಷ್ಟು ಮುಟ್ಟಿತು. ಆ ಅಂಕಿ ನೋಡಿದರೆ ನಮಗೆ ಸ್ವಲ್ಪ ನಾಚಿಕೆ ಆಗುತ್ತದೆ. ಆಗಲಿ ಬಿಡಿ.

ಇನ್ನೊಂದು ಮಾತು ಉಳಿದಿದೆ. ಇದು ಕಮಿಟಿಯ ಹೊರಗೆ ಬಹಳ ಜನಕ್ಕೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಬಿರುಗಾಳಿಗೆ ನಮ್ಮ ಸಭಾಂಗಣದ ಚಾವಣಿ ಹಾರಿಹೋಯಿತಲ್ಲ, ಆಗ ಆ ಸಭೆಯವರು ನಮಗಾಗಿ ಕಾಣಿಕೆ ಎತ್ತಿದ್ದರು. ಅವರ ದೇವಾಲಯದ ಮಾಡು ಇನ್ನೂ ಸೋರುತ್ತಿತ್ತು. ಹಣ ಬ್ಯಾಂಕಿನ ಮೂಲಕ ಬಂತು. ನಮ್ಮ ಒಂದು ಭಾನುವಾರದ ಕಾಣಿಕೆಯಷ್ಟೂ ಇರಲಿಲ್ಲ. ಜೊತೆಗೆ ಒಂದು ಪತ್ರ, ಸಂಡೇ ಸ್ಕೂಲ್ ಮಕ್ಕಳಿಂದ ಹಿಡಿದು ವಯಸ್ಸಾದವರವರೆಗೆ ಕೊಟ್ಟವರ ಹೆಸರು ಸಾಲಾಗಿ. ನಮ್ಮ ಕಮಿಟಿಯಲ್ಲಿ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದೇ ಚರ್ಚೆ ಆಯಿತು. ಆ ಕಡೆಯಿಂದ ಹಣ ಬರುತ್ತದೆ ಅಂತ ನಮ್ಮ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಕೊನೆಗೆ 'ಪಾಪ, ಅವರಿಗೇ ಬೇಕಾಗುತ್ತದೆ' ಅಂತ ವಾಪಸ್ ಕಳಿಸಿದೆವು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೈ ಎತ್ತಿದರು. ನಾನೂ ಎತ್ತಿದೆ.

ಬೇಡ ಅನ್ನುವ ಧೈರ್ಯ ಅವರಿಗಿಲ್ಲ. ನಮಗೆ ಅದು ಎಷ್ಟು ಸಲೀಸಾಗಿ ಬಂತು ನೋಡಿ. ಆಮೇಲೆ ಮೂರು ತಿಂಗಳು ಆ ಕಡೆಯಿಂದ ಪತ್ರ ಬರಲಿಲ್ಲ. ಬಂದ ಮೇಲೂ ಲೆಕ್ಕ ಮಾತ್ರ ಇತ್ತು, ಅಂಚಿನಲ್ಲಿ ಅಮ್ಮ ಬರೆಯುತ್ತಿದ್ದ ಎರಡು ಸಾಲು ಇರಲಿಲ್ಲ.

ಹೆಸರುಗಳ ಆ ಪತ್ರ ಸಭೆಯ ಫೈಲಿನಲ್ಲಿ ಇನ್ನೂ ಇದೆ, ನೋಡಿಕೊಂಡು ಬಂದೆ. ಮುಂದಿನ ಭಾನುವಾರ ಆರಾಧನೆಯಲ್ಲಿ ಅದನ್ನು ಓದಿಸಿ. ಎಲ್ಲ ಹೆಸರನ್ನೂ, ನಿಧಾನವಾಗಿ. ಆಮೇಲೆ ಅವರಿಗೆ ಕ್ಷಮೆ ಕೇಳಿ ಒಂದು ಪತ್ರ ಬರೆಯೋಣ. ಮನಸ್ಸಿದ್ದರೆ ಆ ಹಣವನ್ನು ಮತ್ತೆ ಕಳಿಸುವಿರಾ ಅಂತ ಕೇಳೋಣ. ಅವರು ಬೇಡ ಅಂದರೂ ಅನ್ನಬಹುದು.

ನಿಮ್ಮ ಸಭೆಯ ಒಬ್ಬ ಸದಸ್ಯ